ನಾಲ್ಕನೇ ಸಲ

ಹಾಸನದ ಕೋರ್ಟಿನ ಹಿಂದುಗಡೆ ಕೋಣೆ.
ಮೂರು ಕುರ್ಚಿ; ಒಂದರ ಕಾಲಿಗೆ ಮಡಿಸಿಟ್ಟ ಹಳೇ ಸಮನ್ಸು.
ಕುಮುದ ಕಿಟಕಿಯ ಕಡೆ. ಯೋಗೀಶ ಬಾಗಿಲ ಕಡೆ,
ಎದ್ದು ಹೋಗಲು ಸುಲಭವಾಗಲೆಂದು.
ಮೂರು ಸಲ ಎದ್ದು ಹೋಗಿದ್ದಾನೆ.
ಮೂರು ಸಲವೂ ಮರೆತ ಹೆಲ್ಮೆಟ್ಟಿಗೆ ವಾಪಸು ಬಂದಿದ್ದಾನೆ.

ನಾನು ಮಧ್ಯಸ್ಥಿಕೆಯವಳು.
ಮಧ್ಯ ಎಂಬ ಜಾಗಕ್ಕೆ
ಫ್ಯಾನಿನ ಗಾಳಿಯೂ ಬರುವುದಿಲ್ಲ.

"ಅವಳೇ ಮೊದಲು..." "ಇಲ್ಲ, ಇವರಮ್ಮ..."
ಮಾತು ಮತ್ತೆ ಅದೇ ಗಾಣದ ಸುತ್ತು.
ನಾನು ಬರೆಯುತ್ತೇನೆ: ಗುರುವಾರ. ಮಗು. ಶಾಲೆಯಿಂದ ಯಾರು?
ಉತ್ತರವಿಲ್ಲ. ಟೀ ತಣ್ಣಗಾಗಿ ಕೆನೆ ಕಟ್ಟಿತು.

ದುದ್ದದ ಹೊಲದ ಬದುವಿನಲ್ಲಿ ಕೂತು
ಅಪ್ಪ ಬಿತ್ತನೆ ಆಲೂಗೆಡ್ಡೆ ಕೊಯ್ಯುತ್ತಿದ್ದ:
ಹೋಳಿಗೊಂದು ಕಣ್ಣಾದರೂ ಇರಲಿ ಮಗಾ,
ಕೊಯ್ದ ಬಾಯಿಗೆ ಬೂದಿ ಮೆತ್ತು,
ಎರಡು ದಿನ ನೆರಳಲ್ಲಿಡು.
ಹಸೀ ಗಾಯ ಮಣ್ಣಿಗಿಟ್ಟರೆ ಕೊಳೀತದೆ.

ಇದನ್ನು ಅವರಿಗೆ ಹೇಳಲಿಲ್ಲ.
ಮುಂದಿನ ತಾರೀಕು ಹುಡುಕಿದೆ.

ಆಗ ಕುಮುದ, ಚೀಲದ ಜಿಪ್ಪು ಎಳೆಯುತ್ತ,
ಯಾರ ಮುಖವನ್ನೂ ನೋಡದೆ:
"ಗುರುವಾರ ನನಗೆ ಗಾರ್ಮೆಂಟ್ಸಲ್ಲಿ ಸೆಕೆಂಡ್ ಶಿಫ್ಟು.
ಮೊಸರನ್ನದಲ್ಲಿ ಸಾಸಿವೆ ಸಿಕ್ಕರೆ ಅವಳು ಉಣ್ಣಲ್ಲ.
ಆರಿಸಿ ಕೊಡಬೇಕು."

"ಗೊತ್ತು," ಅಂದ.
ಸ್ವಲ್ಪ ತಡೆದು,
"ಕರಿಬೇವೂ."

ಹೊರಟ. ಮೆಟ್ಟಿಲಲ್ಲಿ ಚಪ್ಪಲಿ ಸದ್ದು ಇಳಿಯಿತು.
ಹೆಲ್ಮೆಟ್ಟು ಮೇಜಿನ ಮೇಲೇ ಇದೆ.
ಕುಮುದ ಎದ್ದಿಲ್ಲ.
ನಾನು ಪೆನ್ನಿಗೆ ಮುಚ್ಚಳ ಹಾಕಿಲ್ಲ.