ಮೂವತ್ತೊಂಬತ್ತು ಪಾಯಿಂಟ್ ನಾಲ್ಕು

ಮೂರು ನೋಟುಬುಕ್ಕು ಬಂದವು ಪಾಜೆಯಿಂದ,
ಸಕ್ಕರೆ ಚೀಲದಲ್ಲಿ ಸುತ್ತಿ, ಡಾಲಾಡಾಲಾ ವ್ಯಾನಿನ ಡ್ರೈವರನ ಕೈಲಿ.
ಬಿಚ್ಚಿದರೆ ಮೇಜಿನ ಮೇಲೆ ಸಣ್ಣಗೆ ಉಪ್ಪು ಉದುರಿತು.
ಮ್ವಾತಿಮಾ ಮಕಾಮೆ ಬರೆದದ್ದು: ತಾರೀಖು, ಗಂಟೆ,
ಕಡಲಕಳೆಯ ಹಗ್ಗದ ಬುಡದಲ್ಲಿ ನೀರಿನ ಬಿಸಿ.
ನಾಲ್ಕು ವರ್ಷ, ದೊಡ್ಡ ಇಳಿತದ ದಿನಗಳಲ್ಲೆಲ್ಲ ಒಂದೊಂದು ಸಾಲು.
ಜಂಜಿಬಾರ್ ಪೇಟೆಯ ಆಫೀಸಿನಲ್ಲಿ ನಾನದನ್ನು ಟೈಪಿಸಿದೆ,
ಕರೆಂಟು ಹೋದಾಗ ಎದ್ದು, ಬಂದಾಗ ಕೂತು, ಒಂಬತ್ತು ದಿನ.

ಮೊದಲ ಚಿತ್ರ ನಗೆಪಾಟಲು.
ಹೆಂಗಸರು ನಡುರಾತ್ರಿ ಮೂರಕ್ಕೆ ಕಡಲಿಗಿಳಿದಿದ್ದರು!
ಪೈಥಾನಿಗೆ ಯಾರು ಹೇಳಿದ್ದರು,
ನಮ್ಮಲ್ಲಿ ಗಂಟೆ ಎಣಿಸುವುದು ಸೂರ್ಯ ಹುಟ್ಟಿದ ಮೇಲೆ,
ಮೂರೆಂದರೆ ಬೆಳಗಿನ ಒಂಬತ್ತು ಎಂದು?
ಆರು ಕೂಡಿಸು, ಎಂದು ಒಂದು ಸಾಲು ಬರೆದೆ.
ಏಳುನೂರು ಬೆಳಗುಗಳು ಒಮ್ಮೆಲೇ ಎದ್ದು
ತಮ್ಮ ತಮ್ಮ ಜಾಗಕ್ಕೆ ಸರಿದು ಕೂತವು.

ಆಮೇಲೆ ಕಂಡಿತು ಗೆರೆ:
ಕಸ್ಕಾಜಿ ಗಾಳಿಯ ತಿಂಗಳುಗಳಲ್ಲಿ ಏರಿ
ಕೂಸಿ ಬೀಸಿದಾಗ ಇಳಿದು
ಮಗ್ಗುಲಾಗಿ ಮಲಗಿದವರ ಬೆನ್ನು ಉಸಿರಾಡಿದ ಹಾಗೆ.
ವರ್ಷದಿಂದ ವರ್ಷಕ್ಕೆ ಬೆನ್ನು ಕೊಂಚ ಎತ್ತರ.
ಮೂವತ್ತೊಂದು ದಾಟಿದ ವಾರಗಳಲ್ಲಿ ಕಳೆ ಬೆಳ್ಳಗಾಗಿ
ಬೆಂದ ಶ್ಯಾವಿಗೆಯಂತೆ ಹಗ್ಗದಿಂದ ಕಳಚಿಬೀಳುತ್ತದಂತೆ.
ಗೆರೆಗೆ ಅದು ಗೊತ್ತಿಲ್ಲ,
ಎಳೆಸಿದವಳಿಗೂ ಬರೀ ಕೇಳಿ ಗೊತ್ತು.

ಮತ್ತೆ, ಎಲ್ಲಕ್ಕೂ ಮೇಲೆ, ತಲೆಬರಹಕ್ಕೆ ತಾಗುವಂತೆ
ಮೂರು ಚುಕ್ಕೆ.
ಮೂವತ್ತೊಂಬತ್ತು ಪಾಯಿಂಟ್ ನಾಲ್ಕು.
ಮೂವತ್ತೊಂಬತ್ತು ಪಾಯಿಂಟ್ ಎಂಟು.
ಮೂವತ್ತೆಂಟು ಪಾಯಿಂಟ್ ಒಂದು.
ಮೊದಲ ವರ್ಷದ ಜೂನ್, ನೀರು ತಣ್ಣಗಿರುವ ಕಾಲ.
ಗಂಟೆ ಎಂಟು, ರಾತ್ರಿ. ಅಂದರೆ ಎರಡು.
ಕೈ ತಪ್ಪಿರಬೇಕು, ಕಣ್ಣು ತಪ್ಪಿರಬೇಕು.
ಮೂವತ್ತಾರಕ್ಕಿಂತ ಹೆಚ್ಚಿದ್ದರೆ ಬಿಡು, ಎಂದೆ.
ಬಿಟ್ಟಿತು. ಯಾಕೆಂದು ಕೇಳುವ ಜಾತಿಯದಲ್ಲ ಅದು.
ಆ ಹುಣ್ಣಿಮೆಯ ಇಳಿತದ ವಾರವೆಲ್ಲ ಖಾಲಿ;
ಖಾಲಿಯ ಮೇಲೂ ನೇರ ಗೆರೆಯೊಂದನ್ನೆಳೆದು
ಆಕೆ ಇಳಿಯದ ನೀರಿನಲ್ಲಿ ಆಕೆಯನ್ನು ನಡೆಸಿತು.
ನಮ್ಮ ದೊಡ್ಡವರು ನೋಡಿ, ಚೊಕ್ಕಟ, ಎಂದರು.

ನೋಟುಬುಕ್ಕು ಹಿಂತಿರುಗಿಸಲು ನಾನೇ ಹೋದೆ.
ಇಳಿತದ ಹೊತ್ತು. ಮೊಳಕಾಲುದ್ದ ನೀರಿನಲ್ಲಿ ಬಗ್ಗಿದ್ದಳು ಮ್ವಾತಿಮಾ,
ಕಾಂಗಾದ ತುದಿ ಸೊಂಟಕ್ಕೆ ಸಿಕ್ಕಿಸಿ, ಹಲ್ಲಲ್ಲಿ ದಾರ ಕಚ್ಚಿ.
ಕೇಳಿದೆ. ದಾರ ಬಿಟ್ಟಳು.
"ಅದಾ? ಅದು ಮೀಜಾ.
ಮನೆಯಲ್ಲಿದ್ದದ್ದು ನೀವು ಕೊಟ್ಟ ಕಡ್ಡಿಯೊಂದೇ.
ತೊಳೆದು ಕಂಕುಳಲ್ಲಿಟ್ಟೆ.
ನೋಡಿದ್ದನ್ನೆಲ್ಲ ಬರಿ ಅಂದವರು ನೀವೇ ಅಲ್ಲವಾ? ಬರೆದೆ."
ಒಂದಷ್ಟು ಹೊತ್ತು ಹಗ್ಗ ಬಿಗಿದಳು.
"ಬರೀತಾ ಕೂತರೆ ಬೆಳಗಾಗುತ್ತೆ ಅನ್ನಿಸಿತು.
ಮುಂದಿನ ಸಲ ಎರಡು ಕಡ್ಡಿ ತನ್ನಿ."

ದಡದಲ್ಲಿ ಏಳು ವರ್ಷದ ಹುಡುಗಿ, ಮುಂದಿನ ಹಲ್ಲಿಲ್ಲ,
ನನ್ನ ಕೈಯಿಂದ ಹಾಳೆ ಕಸಿದು ನೋಡಿದಳು.
"ಇದರಲ್ಲಿ ನಾನೆಲ್ಲಿ?"
ಬೆರಳನ್ನು ಹಾಳೆಯ ಆಚೆ, ಗಾಳಿಯಲ್ಲಿ,
ಮೇಲೆ, ಇನ್ನೂ ಮೇಲೆ ಒಯ್ದು ತೋರಿಸಿದೆ: ಇಲ್ಲಿ.
ಅಷ್ಟೆತ್ತರವಾ, ಎಂದು ನಕ್ಕಳು.

ಚುಕ್ಕೆಗಳನ್ನು ನಾನು ಮರಳಿ ಸೇರಿಸಲಿಲ್ಲ.
ಅದು ಕಡಲಿನ ಲೆಕ್ಕ. ಕಡಲಿಗೇ ಜ್ವರ ಬಂತೆಂದು
ಪದ ಕಟ್ಟುವವರು ಕಟ್ಟಲಿ, ನನ್ನ ಕೆಲಸ ಬೇರೆ.
ಬಿಡು ಎಂದ ಸಾಲಿನ ಮೇಲೆ
ಹ್ಯಾಶ್ ಗುರುತಿಟ್ಟು ಎರಡು ಸಾಲು ಬರೆದೆ.
ಆ ಗುರುತಿನ ಆಚೆಯದನ್ನು ಯಂತ್ರ ಓದುವುದಿಲ್ಲ,
ಪರರ ಮನೆಯ ದೀಪವೆಂದು ಸುಮ್ಮನೆ ದಾಟುತ್ತದೆ:

# ಮೂರು ಅಳತೆ ತೆಗೆದಿದೆ. ಕಡಲಿನವಲ್ಲ.
# ಮೀಜಾ, ನಾಲ್ಕು ವರ್ಷ. ಮೂರು ರಾತ್ರಿ. ಇಳಿಯಿತು.