ಗೀಟಿನ ಮುಂದೆ

ಬಾಳೆಲೆಯ ಶಾಲೆಗೋಡೆಗೆ ಬಳಿದ ಸುಣ್ಣ ಒಣಗಿತ್ತು.
ಅಕ್ಷರಕ್ಕೆ ನಾಲ್ಕು ರೂಪಾಯಿ, ಬಣ್ಣ ನನ್ನದೇ,
ಕೊಂಬು, ಒತ್ತು, ದೀರ್ಘಕ್ಕೆ ಬೇರೆ ಲೆಕ್ಕವಿಲ್ಲ.
ಎರಡೂ ಕೈಗೆ ನೀಲಿ ಮೆತ್ತಿಕೊಂಡು ನಾನು ಏಣಿಯ ಮೇಲೆ,
ಸುಬೈರ ಎರಡು ಮೆಟ್ಟಿಲು ಹತ್ತಿ
ಬೀಡಿ ಹಚ್ಚಿ ನನ್ನ ತುಟಿಗೆ ಸಿಕ್ಕಿಸಿ ಇಳಿದ.

ಕೈ ಕೆಸರಾದರೆ ಬಾಯಿ ಮೊಸರು
ಎಂದು ಬರೆದು ಮುಗಿಸಿ, ಅಭ್ಯಾಸಬಲ,
ಕೆಳಗೆ ಒಂದು ಗೀಟು ಎಳೆದುಬಿಟ್ಟೆ.
ಹೆಡ್‌ಮಾಸ್ತರು ಪಳಂಗಪ್ಪ ಛತ್ರಿ ಮಡಚಿ ನೋಡಿದರು:
‘ಗೀಟು ಹಾಕಿದ ಮೇಲೆ ಹೆಸರು ಬೇಕಲ್ಲ?
ಹೇಳಿದವರು ಯಾರು?
ಇನ್‌ಸ್ಪೆಕ್ಟರು ಕೇಳಿದರೆ ನಾನು ಯಾರ ಮುಖ ನೋಡಲಿ?’
ಪಕ್ಕದ ನಾಲ್ಕು ಮಾತಿಗೂ ಹೆಸರಿತ್ತು,
ಎಲ್ಲ ದೊಡ್ಡ ದೊಡ್ಡ ಹೆಸರು.

ಪೊನ್ನಂಪೇಟೆಯ ನಿವೃತ್ತ ಪಂಡಿತರು
ಬಾಗಿಲ ಚಿಲಕ ತೆಗೆಯದೆಯೇ ಹೇಳಿದರು:
‘ಬಯಲುಸೀಮೆಯ ಮಾತಯ್ಯ ಅದು, ಘಟ್ಟ ಹತ್ತಿ ಬಂದದ್ದು.
ಇಲ್ಲಿಯ ಮಳೆಗಾಲಕ್ಕೆ ಹಾಲು ಹೆಪ್ಪಾಗುವುದೇ ಕಷ್ಟ.’
ಗೋಣಿಕೊಪ್ಪದ ಸಂತೆಯಲ್ಲಿ ಮೊಸರು ಮಾರುವಾಕೆ
‘ಯಾರು ಹೇಳಿದರೇನು, ಎಷ್ಟು ಲೀಟರು?’ ಎಂದಳು.
ಹಿಂದೆ ನಿಂತಿದ್ದ ಯಾರೋ ತಮಾಷೆಗೆ:
ಬರೆದವರು ಬೇಕಾದರೆ ರೈಟರನ್ನೇ ಕೇಳಯ್ಯ.

ಕೇಳಿದೆ. ತೋಟದ ರೈಟರು
ಬರೆಯುವುದು ಹಾಜರಿ ಪುಸ್ತಕ.
ಬಂದವರಿಗೆ ಒಂದು ಗೀಟು, ಬಾರದವರಿಗೆ ಸೊನ್ನೆ,
ಮಧ್ಯಾಹ್ನ ಜ್ವರ ಹತ್ತಿ ಹೋದವರಿಗೆ ಅರ್ಧ.
ತಮ್ಮ ಹಿಂದಿನ ರೈಟರ, ಅವರ ಹಿಂದಿನವರ
ಕಟ್ಟುಗಳನ್ನೆಲ್ಲ ಬಿಚ್ಚಿ ಹರವಿದರು.
‘ಗದ್ದೆ ಲೆಕ್ಕದಲ್ಲಿ ಕೆಸರುಂಟು, ಮೊಸರು ಮಾತ್ರ ಕಾಣೆ.’
ಒಂದು ಸಾಲಿನಲ್ಲಿ ಹೆಸರನ್ನು ಗೆದ್ದಲು ತಿಂದಿತ್ತು,
ಗೀಟುಗಳು ಉಳಿದಿದ್ದವು, ತಿಂಗಳು ಪೂರ್ತಿ.
ಅದರ ಮೇಲೆ ಬೆರಳಿಟ್ಟು
‘ಇವಳ ಮಗಳಿದ್ದಾಳೆ. ಲೈನ್‌ಮನೆ, ಕೊನೆಯ ಬಾಗಿಲು.’

ಎರವರ ಬೊಳಚಿಗೆ ಎಂಬತ್ತೋ ತೊಂಬತ್ತೋ.
ಒಲೆಯ ಮುಂದೆ ಗೆಣಸು ಹೊರಳಿಸುತ್ತಿದ್ದಳು.
ಕಿವಿಗೆ ಕೈ ಒಡ್ಡಿ ಗಾದೆಯನ್ನು ಎರಡು ಸಲ ಹೇಳಿಸಿಕೊಂಡು
‘ಸರಿಯಾಗೇ ಇದೆ’ ಎಂದಳು.
‘ಕೈ ಕೆಸರಾದ ಮೇಲೆ ಬಾಯಿಗೆ ತಾನೇ ಇಟ್ಟುಕೊಳ್ಳುವುದು ಹೇಗೆ?’

ಇಷ್ಟು ವರ್ಷ ಇದನ್ನು ಗೋಡೆಗೋಡೆಗೆ ಬರೆದವನು
ಆ ಕಡೆಯಿಂದ ಓದಿರಲಿಲ್ಲ.

‘ನಾಟಿ ದಿನ. ಅವ್ವ ಸಾಲಿನಲ್ಲಿ ಮೂರನೆಯವಳು,
ಬೆನ್ನಿಗೆ ಗೊರಬೆ, ಮೊಣಕೈವರೆಗೆ ಕೆಸರು.
ನನಗೆ ಆರೋ ಏಳೋ. ಬಿದಿರಂಡೆ ಹಿಡಿದು
ಬದುವಿನ ಮೇಲೆ ನಿಲ್ಲುವುದು ನನ್ನ ಕೆಲಸ.
ದೊಡ್ಡಮನೆಯವರು ಕೊಟ್ಟ ಮೊಸರು.
ಮೊಸರೆಂದರೆ, ಬೆಳ್ಳಗಿನ ನೀರು.
ಅವ್ವ ಬದುವಿಗೆ ಬಂದು, ಬಗ್ಗಿ, ಬಾಯಿ ತೆರೆಯುವಳು,
ಗೂಡಿನ ಮರಿಯ ಹಾಗೆ.
ನಾನು ಹೊಯ್ಯುವೆ. ಗದ್ದಕ್ಕೆ ಇಳಿದದ್ದನ್ನು
ಒರೆಸಿಕೊಳ್ಳಲೂ ಅವಳಿಗೆ ಕೈಯಿಲ್ಲ, ನನ್ನ ಬೆರಳೇ.
ಮಿಕ್ಕ ಹೊತ್ತೆಲ್ಲ ಅವಳು ತಾಯಿ.
ಆ ಹೊತ್ತು ನಾನು.’

ಹಾಗಾದರೆ ಈ ಮಾತನ್ನು ಅವ್ವನೇ...?

‘ಬಾಯಲ್ಲಿ ಮೊಸರಿರುವಾಗ ಯಾರು ಮಾತಾಡುತ್ತಾರೆ?
ಇನ್ನೊಂದು ಚೂರು, ಅಂದಿದ್ದಳು ಒಂದು ಸಲ. ಅಷ್ಟೇ.
ಸಾಲಿನಲ್ಲಿ ಇನ್ನೂ ಹದಿನಾಲ್ಕು ಬಾಯಿ.
ನಾನು ಹಾಕಲಿಲ್ಲ.’

ಗೆಣಸು ಒಂದು ಮಗ್ಗುಲು ಸೀದಿತ್ತು.
ಸೀಯದ ಕಡೆಯದನ್ನು ಮುರಿದು ನನಗೆ ಕೊಟ್ಟಳು.

ಅವ್ವನ ಹೆಸರು ಕೇಳಲು ಮರೆತದ್ದು
ಸೇತುವೆ ದಾಟಿದ ಮೇಲೆ ನೆನಪಾಯಿತು.
ಬಸ್ಸು ನಿಲ್ಲಿಸಲಿಲ್ಲ.

‘ಸಿಕ್ಕಿತೇ?’ ಎಂದರು ಪಳಂಗಪ್ಪ ಮಾಸ್ತರು.
ಏಣಿ ಹತ್ತಿ ಗೀಟನ್ನೇ
ಇನ್ನೊಮ್ಮೆ ತಿದ್ದಿ ದಪ್ಪ ಮಾಡಿದೆ.
ಸಂಜೆ ಲೆಕ್ಕವಾಯಿತು:
ಹನ್ನೊಂದು ಅಕ್ಷರ, ನಲವತ್ತನಾಲ್ಕು ರೂಪಾಯಿ.
ಗೀಟಿಗೆ ದುಡ್ಡಿಲ್ಲ, ಎಂದರು.