ನೂರಕ್ಕೆ ಎಂಬತ್ತು

ವರ್ಷಕ್ಕೊಂದು ದಿನ, ಶುಭ ಶುಕ್ರವಾರ, ನಮ್ಮಪ್ಪ ರೋಮಿನವನು.
ಉಳಿದಂತೆ ಭದ್ರಾವತಿಯ ಸವರಿಯಪ್ಪ,
ಕುಲುಮೆ ಪಾಳಿಯ ಮೇಸ್ತ್ರಿ; ಈಗ ನಿವೃತ್ತ.
ಕಿವಿ ಮಂದ, ಗಂಟಲು ಮಾತ್ರ ಇನ್ನೂ ಸೈರನ್ನು.

ತಲೆಗೆ ತಗಡಿನ ಟೊಪ್ಪಿ, ಅದರ ಜುಟ್ಟು
ರೆಡಾಕ್ಸೈಡಿನಲ್ಲಿ ಅದ್ದಿದ ಹಳೇ ಪೊರಕೆ.
ಪಾತ್ರದ ಹೆಸರು: ಶತಾಧಿಪತಿ.
ಆ ಪದ ಅಪ್ಪನ ಬಾಯಿಗೆ ಹಿಡಿಸಿತ್ತು.
'ಶತ' ಎನ್ನುವಾಗ ಎದೆ ಉಬ್ಬುವುದು,
'ಅಧಿಪತಿ' ಮುಗಿಯುವಷ್ಟರಲ್ಲಿ ಕೆಮ್ಮು.

ಈ ಸಲ ಹೊಸದಾಗಿ ಬಂದ ಕಿರಿಯ ಗುರುಗಳು,
ಲ್ಯಾಟಿನ್ ಓದಿದವರು,
ತಾಲೀಮಿನ ನಡುವೆ ಚಹಾ ಊದುತ್ತ ಅಂದರು:
'ಹೆಸರಿಗೆ ನೂರು, ಸವರಿಯಪ್ಪನವರೇ.
ಅವನ ಕೈಕೆಳಗೆ ಇರುತ್ತಿದ್ದದ್ದು ಎಂಬತ್ತೇ ಜನ.'

ತಮ್ಮ ನಕ್ಕ: 'ಡಿಸ್ಟಿಂಕ್ಷನ್ನೇ ಬಿಡಪ್ಪ, ನೂರಕ್ಕೆ ಎಂಬತ್ತು.'
ಅಮ್ಮ: 'ಕೆಮ್ಮು ತೋರಿಸ್ಕೊಳ್ಳಿ ಅಂತ ನೂರು ಸಲ ಹೇಳಿದೀನಿ,
ಅದೂ ಎಂಬತ್ತೇ ಇರಬೇಕು.'

ಅಪ್ಪ ನಗಲಿಲ್ಲ.
'ಫಾದರ್, ಹಾಜರಿ ಪುಸ್ತಕ ಬರೆದವನಿಗೆ ಇದು ಗೊತ್ತು.
ಪಟ್ಟಿಯಲ್ಲಿ ನೂರು.
ಅದರಲ್ಲಿ ಊರಿಗೆ ಹೋದವ, ಜ್ವರ ಬಂದವ,
ಹೆಂಡತಿ ಹೆರಿಗೆಯವ, ಕುಡಿದು ಗೇಟಿನಾಚೆ ಕೂತವ,
ಹೊಡೆದುಹಾಕೋಕೆ ಕೈ ಬಾರದೆ ಉಳಿದ ಹೆಸರು ಬೇರೆ.
ಬೆಂಕಿ ಮುಂದೆ ನಿಲ್ಲೋದು ಎಂಬತ್ತೇ.
ತೆಗೆಸೋದು ಮಾತ್ರ ನೂರಾಳಿನ ಕೆಲಸ.'

'ಕಾರಣ ಅದೇ ಅಂತ ಪುಸ್ತಕದಲ್ಲಿಲ್ಲ,' ಅಂದರು ಗುರುಗಳು.
'ಬರೆದವರು ಪಾಳಿ ಮಾಡಿರಲಿಕ್ಕಿಲ್ಲ.'

ನಾಟಕದ ದಿನ ಅವನ ಸೇನೆ ನಾಲ್ಕು ಹುಡುಗರು.
ಒಬ್ಬನಿಗೆ ಮರುದಿನ ಪರೀಕ್ಷೆ; ಉಳಿದದ್ದು ಮೂರು.
ಮೂರು ಬಿದಿರಿನ ಈಟಿ, ಒಂದಕ್ಕೆ ಮೊನೆಯಿಲ್ಲ.
ಅಪ್ಪ ಅಪ್ಪಣೆ ಕೂಗಿದ
ಹೊಳೆಯಾಚೆಯವರೂ ಸಾಲಿಗೆ ಬಂದು ನಿಲ್ಲಬೇಕು ಎಂಬಂತೆ.

ರಾತ್ರಿ ಕವಚ ಬಿಚ್ಚಿ ನನ್ನ ಮುಂದೆ ಹಾಕಿದ.
ಹುಣಸೆಹಣ್ಣು ಹಚ್ಚಿ ತಿಕ್ಕುವುದು ಚಿಕ್ಕಂದಿನಿಂದ ನನ್ನ ಪಾಲಿನ ಕೆಲಸ.
ಎದೆಯ ಮೇಲೆ ಸಾಲಾಗಿ ಹೊಲಿದ ಹಿತ್ತಾಳೆ ಬಿಲ್ಲೆಗಳು,
ರೋಮಿನ ಪದಕವೆಂದೇ ತಿಳಿದಿದ್ದೆ.
ಈ ಸಲ ಒಂದರ ದಾರ ಹರಿದು ಮಗುಚಿಕೊಂಡಿತು.
ಹಿಂದೆ ಅಚ್ಚು: ೪೧೭.
ಕಾರ್ಖಾನೆ ಗೇಟಿನ ಟೋಕನ್ನು.
ಪಕ್ಕದ್ದನ್ನು ಉಗುರಿನಿಂದ ಎತ್ತಿ ನೋಡಿದೆ: ೨೩೦.
ಎಣಿಸಿದೆ. ಹದಿನಾಲ್ಕು. ಇಪ್ಪತ್ತಾಗಲಿಲ್ಲ.

'ಯಾರದಪ್ಪ ಇವು?'
ಕೇಳಿಸಲಿಲ್ಲವೋ ಏನೋ. ಬಿಸಿನೀರಿನಲ್ಲಿ ಕಾಲಿಟ್ಟು ಕೂತಿದ್ದ.
ಕತ್ತರಿಯ ಸದ್ದಿಗೆ ಮಾತ್ರ ತಿರುಗಿದ:
'ಕಿತ್ತುಹೋದದ್ದನ್ನ ಗಟ್ಟಿಯಾಗಿ ಹೊಲಿ.
ಅಂಕಿ ಒಳಗಡೆಗೇ ಇರಲಿ.'